ಕಲ್ಯಾಣಪ್ಪನವರ ಮನೆಯಲ್ಲಿ ಬಲ್ಬು ಬಾಳುತ್ತಿರಲಿಲ್ಲ

ಲಿಂಗಂಪಲ್ಲಿಯ ನಮ್ಮ ಓಣಿಯಲ್ಲಿ ಎಲ್‌ಇಡಿ ಬಲ್ಬಿನ ಆಯುಷ್ಯದ ಬಗ್ಗೆ ಕಲ್ಯಾಣಪ್ಪನವರಷ್ಟು ತಲೆ ಕೆಡಿಸಿಕೊಂಡ ಮನುಷ್ಯ ಇನ್ನೊಬ್ಬರಿರಲಿಲ್ಲ. ಅವರ ಹೆಂಡತಿ ಉಮಾಬಾಯಿ ಸತ್ತದ್ದು, ಆ ಬಲ್ಬುಗಳು ದಿನಾ ಹೇಳುತ್ತಿದ್ದ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳದೆ ಇದ್ದುದರಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳುವವರನ್ನು ನಗಿಸುತ್ತ ಕೂರಿಸಿ ಕೊನೆಗೆ ಎದೆಗೆ ಒದೆಯುವ ಚಟ ನನಗಿಲ್ಲ. ಇದರಲ್ಲಿ ನಗುವ ಸಂಗತಿಗಳೂ ಇವೆ, ನಗಬಹುದು. ಆದರೆ ಆ ಹೆಂಗಸು ಉಳಿಯುವುದಿಲ್ಲ ಎಂದು ತಿಳಿದುಕೊಂಡೇ ನಗಬೇಕು.

ನಾನು ಅವರ ಎದುರು ಮನೆಯವಳು. ಹುಬ್ಬಳ್ಳಿಯಿಂದ ಮದುವೆಯಾಗಿ ಈ ಊರಿಗೆ ಬಂದು, ಇಲ್ಲಿಯೇ ಒಂದು ಶಾಲೆಯಲ್ಲಿ ಹಿಂದಿ ಕಲಿಸಿ ನಿವೃತ್ತಳಾದೆ. ಹೊರಗೆಲ್ಲ ತೆಲುಗು, ಹಿಂದಿ ಮಾತಾಡಿ ನಾಲಿಗೆ ದಣಿದಾಗ ಕನ್ನಡ ಮಾತಾಡಲು ನನಗಿದ್ದ ಮನೆ ಅದೊಂದೇ. ಉಮಾಬಾಯಿ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅದನ್ನು ಕೇಳಿ ಕೇಳಿ ಅವಳ ಗಂಡನೂ ಅಕ್ಕಾರ ಎನ್ನಲು ಶುರುಮಾಡಿದ್ದರು. ವಯಸ್ಸಿನಲ್ಲಿ ಅವರು ನನಗಿಂತ ದೊಡ್ಡವರು ಎಂಬುದನ್ನು ನಾನೂ ನೆನಪಿಸಲಿಲ್ಲ.

ಕಲ್ಯಾಣಪ್ಪನವರು ವಿಜಯಪುರದ ಕಡೆ ಇಂಡಿ ಊರಿನವರು. ಇಲ್ಲಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಇಡೀ ನೌಕರಿ ಮುಗಿಸಿದವರು. ಗೇಟಿನೊಳಗೆ ಬಂದ ಬೋಲ್ಟು, ಬೇರಿಂಗು, ಬೆಲ್ಟು ಎಲ್ಲವೂ ಅವರ ಕೈ ದಾಟಿಯೇ ಒಳಗೆ ಹೋಗಬೇಕು. ಮಾಲು ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ. ಯಂತ್ರಕ್ಕೆ ಹಾಕಿದ ಬೆಲ್ಟು ಎಂಟೇ ದಿನದಲ್ಲಿ ಹರಿದು ಬಂದರೆ ಕೆಂಪು ಚೀಟಿ ಹಚ್ಚಿ ಮಾರಿದವನಿಗೇ ವಾಪಸು. ಯಾವ ಯಂತ್ರ ಅದನ್ನು ಹರಿದುಹಾಕಿತು, ಯಾಕೆ ಹರಿಯಿತು ಎಂದು ಕೇಳುವುದು ಸ್ಟೋರಿನ ಕೆಲಸವಲ್ಲ. ಅದಕ್ಕೆ ಬೇರೆ ಇಲಾಖೆ ಇತ್ತು. ಜೀವಮಾನವೆಲ್ಲ ಹೀಗೆ ದುಡಿದ ಮನುಷ್ಯ ನಿವೃತ್ತಿಯಾದ ಮಾತ್ರಕ್ಕೆ ಬದಲಾಗುತ್ತಾನೆಯೇ. ಮನೆಯಲ್ಲಿ ಆ ಬೇರೆ ಇಲಾಖೆ ಇರಲಿಲ್ಲ, ಅಷ್ಟೆ.

ಮನೆಯಲ್ಲಿ ಎಲ್ಲದಕ್ಕೂ ಅವರದು ಇದೇ ನ್ಯಾಯ. ಕುಕ್ಕರಿನ ರಬ್ಬರು, ಕೊಡೆ, ಕಾಲಿನ ಚಪ್ಪಲಿ, ಒಮ್ಮೆಯಂತೂ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಎಲ್ಲವೂ ಅಂಗಡಿಗೆ ವಾಪಸು ಹೋಗಿವೆ. ಉಮಾಬಾಯಿಗೆ ಇದು ನಗೆಯ ವಿಷಯ. ಮದುವೆಯಾದ ವರ್ಷ ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನ, ತನಗೂ ಒಂದು ಕೆಂಪು ಚೀಟಿ ಹಚ್ಚಿ ತವರಿಗೆ ಕಳಿಸಿಬಿಡಿ ಎಂದು ಹೇಳಿದ್ದಳಂತೆ. ಆಗ ಕಲ್ಯಾಣಪ್ಪನವರು ಗಂಭೀರವಾಗಿ, ಮಾಲು ಒಮ್ಮೆ ಒಳಗೆ ತೆಗೆದುಕೊಂಡ ಮೇಲೆ ಮುಗಿಯಿತು ಎಂದಿದ್ದರಂತೆ. ಇದನ್ನು ಅವಳು ನನಗೆ ಹೇಳಿದ್ದು ಒಂದು ಸಲವಲ್ಲ, ಪ್ರತಿ ಸಂಕ್ರಾಂತಿಗೆ ಒಂದು ಸಲ.

ಬಲ್ಬಿನ ಕತೆ ಶುರುವಾದದ್ದು ಅವರ ಮನೆಗೆ ಎಲ್‌ಇಡಿ ಬಂದ ಮೇಲೆ. ಅದಕ್ಕೂ ಮುಂಚೆ ಆ ಸುರುಳಿ ಬಲ್ಬುಗಳಿದ್ದವು, ಅವೂ ಅಲ್ಲಿ ಹೆಚ್ಚು ದಿನ ಬಾಳಲಿಲ್ಲ. ಆದರೆ ಎಲ್‌ಇಡಿಯ ಡಬ್ಬಿಯ ಮೇಲೆ ಇಪ್ಪತ್ತೈದು ಸಾವಿರ ತಾಸು ಉರಿಯುತ್ತದೆ ಎಂದು ಅಚ್ಚು ಹಾಕಿದ್ದರು. ಕಲ್ಯಾಣಪ್ಪನವರು ಲೆಕ್ಕ ಹಾಕಿದರು. ದಿನಕ್ಕೆ ಐದು ತಾಸು ಉರಿಸಿದರೂ ಹದಿಮೂರು ವರ್ಷ ದಾಟಬೇಕು. ಆಗ ಮಗ ಮಹೇಶಕುಮಾರನಿಗೆ ಇನ್ನೂ ಹೆಣ್ಣು ನೋಡುತ್ತಿದ್ದರು. ಇವನ ಮದುವೆಯಾಗಿ, ಮಗುವಾಗಿ, ಆ ಮಗು ದೊಡ್ಡ ಶಾಲೆಗೆ ಹೋಗುವ ತನಕ ಈ ಬಲ್ಬು ಬದಲಿಸುವ ಹಾಗಿಲ್ಲ ಎಂದು ನಮ್ಮ ಮನೆಗೂ ಬಂದು ಹೇಳಿ ಹೋದರು. ಮೊದಲ ಬಲ್ಬು ಮೂರು ತಿಂಗಳಿಗೆ ಹೋಯಿತು.

ನಮ್ಮ ಓಣಿಯ ತುದಿಯಲ್ಲಿ ವಿಜಯಕುಮಾರನ ಎಲೆಕ್ಟ್ರಿಕ್ ಅಂಗಡಿ. ಅವನೂ ನಮ್ಮವನೇ, ಬಸವಕಲ್ಯಾಣದ ಕಡೆಯವನು. ಬಲ್ಬು ಮಾರುವಾಗ ಅದರ ಬಿಳಿಯ ಕತ್ತಿನ ಮೇಲೆ ಮಾರ್ಕರ್ ಪೆನ್ನಿನಿಂದ ತಾರೀಕು ಬರೆದು ಕೊಡುತ್ತಾನೆ. ಎರಡು ವರ್ಷದೊಳಗೆ ಹೋದರೆ ಆ ತಾರೀಕು ತೋರಿಸಿದರೆ ಸಾಕು, ಹೊಸದು ಕೊಡುತ್ತಾನೆ. ಬಿಲ್ಲು ಬೇಡ, ಡಬ್ಬಿ ಬೇಡ. ಕಲ್ಯಾಣಪ್ಪನವರಿಗೆ ಈ ಪದ್ಧತಿ ತಮಗಾಗಿಯೇ ಹುಟ್ಟಿದಂತೆ ಕಂಡಿತು. ಪಡಸಾಲೆಯದು ಹೋಯಿತು, ಬದಲಾಯಿತು. ಮಲಗುವ ಕೋಣೆಯದು ಹೋಯಿತು, ಬದಲಾಯಿತು. ಸುಟ್ಟ ಬಲ್ಬನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವರು ಓಣಿಯಲ್ಲಿ ನಡೆದುಹೋಗುವುದನ್ನು ನೋಡಿದರೆ ಯಾವನೋ ಕಳ್ಳನನ್ನು ಹಿಡಿದು ಠಾಣೆಗೆ ಒಯ್ಯುತ್ತಿದ್ದಾರೆ ಅನ್ನಬೇಕು. ಕಂಪನಿಯವರಿಗೆ ಬುದ್ಧಿ ಕಲಿಸುತ್ತಿದ್ದೇನೆ ಎಂಬ ಖುಷಿ ಮುಖದ ಮೇಲೆ ಇರುತ್ತಿತ್ತು.

ಬಲ್ಬು ಯಾಕೆ ಬಾಳುವುದಿಲ್ಲ ಎಂಬುದಕ್ಕೆ ಅವರ ಬಳಿ ತಿಂಗಳಿಗೊಂದು ಕಾರಣ ಹುಟ್ಟುತ್ತಿತ್ತು. ಬಲ್ಬಿಗೆ ಮುಚ್ಚುವ ಗಾಜಿನ ಬುರುಡೆಯೊಳಗೆ ಕಾವು ಕೂತು ಕೆಡುತ್ತದೆ ಎಂದು ಯಾರೋ ಹೇಳಿದರು, ಮನೆಯ ಬುರುಡೆಗಳೆಲ್ಲ ಕೆಳಗಿಳಿದು ಅಟ್ಟ ಸೇರಿದವು. ಪದೇಪದೇ ಹಾಕಿ ತೆಗೆದರೆ ಆಯುಷ್ಯ ಕಡಿಮೆ ಎಂದು ಇನ್ನೊಬ್ಬರು ಹೇಳಿದರು, ಸಂಜೆ ಹಚ್ಚಿದ ದೀಪವನ್ನು ಮಲಗುವ ತನಕ ಯಾರೂ ಮುಟ್ಟಬಾರದು ಎಂದು ಆಜ್ಞೆಯಾಯಿತು. ನಮ್ಮ ಮನೆಯ ಬಲ್ಬುಗಳು ಅದೇ ಅಂಗಡಿಯವು, ವರ್ಷಗಟ್ಟಲೆ ಉರಿಯುತ್ತಿವೆ ಎಂದು ನಾನು ಒಮ್ಮೆ ಹೇಳಿದ್ದಕ್ಕೆ, ನಿಮಗೆ ಒಳ್ಳೆಯ ಪೆಟ್ಟಿಗೆಯ ಮಾಲು ಸಿಕ್ಕಿದೆ ಎಂದುಬಿಟ್ಟರು. ಸ್ಟೋರಿನವರಿಗೆ ಉತ್ತರ ಹುಡುಕಿಕೊಡುವುದು ಸುಲಭವಲ್ಲ.

ಕಣ್ಣಿದ್ದದ್ದು ಉಮಾಬಾಯಿಗೆ. ಒಂದು ದಿನ ಶೇಂಗಾ ಚಟ್ನಿಗೆಂದು ಮಿಕ್ಸರ್ ಹಾಕಿದಾಗ ಪಡಸಾಲೆಯ ದೀಪ ಇದ್ದಕ್ಕಿದ್ದಂತೆ ಬೆಳ್ಳಗಾದದ್ದನ್ನು ಅವಳು ನೋಡಿದಳು. ನಿಲ್ಲಿಸಿದಳು, ಮೊದಲಿನಂತಾಯಿತು. ಮತ್ತೆ ಹಾಕಿದಳು. ಗಂಡನನ್ನು ಕರೆದಳು. ನಾನೂ ಅಲ್ಲೇ ಶೇಂಗಾದ ಸಿಪ್ಪೆ ಉಜ್ಜುತ್ತ ಕುಳಿತಿದ್ದೆ.

"ಇಲ್ಲಿ ಮಿಕ್ಸರ್ ತಿರುಗಿದ್ರ ಅಲ್ಲಿ ಬೆಳಕು ಹೆಚ್ಚಾಕ್ಕೈತಿ ನೋಡ್ರಿ. ಬಲ್ಬಿನ್ಯಾಗ ಅಲ್ಲ, ಮನಿಯೊಳಗ ಏನೋ ಐತಿ," ಎಂದಳು.

ಕಲ್ಯಾಣಪ್ಪನವರು ತಲೆಯೆತ್ತಿ ನೋಡಿದರು. ಬೆಳಕು ಹೆಚ್ಚಾದರೆ ನಷ್ಟವೇನು, ಒಂದು ಬಲ್ಬಿಗೆ ಒಂದೂವರೆಯ ಬೆಳಕು ಬಂತು ಎಂದರು. ನಾವು ಇಬ್ಬರೂ ನಕ್ಕೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಮನೆಯಲ್ಲಿ ಆಗ ನಡೆಯುತ್ತಿದ್ದುದು ಅದೇ. ಜ್ವರ ಬಂದದ್ದು ಮನೆಗೆ, ಬರೆ ಬೀಳುತ್ತಿದ್ದುದು ಬಲ್ಬುಗಳಿಗೆ.

ವಿಜಯಕುಮಾರನೂ ಒಂದು ಸಲ ಬಾಯಿ ಬಿಟ್ಟ. ಕಾಕಾ, ಇಡೀ ಓಣಿಗೆ ಬಲ್ಬು ಮಾರುತ್ತೇನೆ, ತಿರುಗಿ ಬರುವುದು ನಿಮ್ಮ ಮನೆಯವೇ, ಒಮ್ಮೆ ಲೈನು ತೋರಿಸಿ ಎಂದನಂತೆ. ಅದು ಕಲ್ಯಾಣಪ್ಪನವರ ಮೈಯೆಲ್ಲ ಉರಿಸಿತು. ಕೆಟ್ಟ ಮಾಲು ಕೊಟ್ಟವನು ಕೊಂಡವನ ಯಂತ್ರದ ಮೇಲೆ ತಪ್ಪು ಹೊರಿಸುವುದು ಅವರಿಗೆ ಹಳೆಯ ಅನುಭವ. ಕಾರ್ಖಾನೆಯಲ್ಲಿ ಪ್ರತಿಯೊಬ್ಬ ವ್ಯಾಪಾರಿಯೂ ಆಡುತ್ತಿದ್ದ ಮಾತು ಅದು. ಗ್ಯಾರಂಟಿ ತಪ್ಪಿಸಿಕೊಳ್ಳುವ ಹುನ್ನಾರ ಎಂದು ಆ ಅಂಗಡಿಯನ್ನೇ ಬಿಟ್ಟರು. ಅಂದಿನಿಂದ ಲೋಕಲ್ ಟ್ರೇನು ಹಿಡಿದು ಸಿಕಂದರಾಬಾದಿಗೆ ಹೋಗಿ ಬೇರೆ ಅಂಗಡಿಯಲ್ಲಿ ಬೇರೆ ಕಂಪನಿಯ ಬಲ್ಬು ತರತೊಡಗಿದರು. ಅಲ್ಲಿಯವನೂ ಕತ್ತಿನ ಮೇಲೆ ತಾರೀಕು ಬರೆಯುತ್ತಿದ್ದ. ಅವರಿಗೆ ಅಷ್ಟಿದ್ದರೆ ಸಾಕಿತ್ತು.

ಅದೇ ಬೇಸಿಗೆಯಲ್ಲಿ ಫ್ರಿಜ್ಜು ಮುಟ್ಟಿದರೆ ಬೆರಳಿಗೆ ಜುಮ್ಮೆನ್ನಲು ಶುರುವಾಯಿತು. ದಿನಾ ಅಲ್ಲ, ಒಮ್ಮೊಮ್ಮೆ. ಕಲ್ಯಾಣಪ್ಪನವರು ಇದನ್ನು ಅಸಡ್ಡೆ ಮಾಡಿದರು ಎಂದು ಹೇಳಿದರೆ ಪಾಪ ತಗಲುತ್ತದೆ. ಅವತ್ತೇ ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಫ್ರಿಜ್ಜಿನ ಪ್ಲಗ್ಗು ಕಿತ್ತು, ಹಿಂದೆ ಮುಂದೆ ಪರೀಕ್ಷೆ ಮಾಡಿ, ಯಂತ್ರದಲ್ಲಿ ದೋಷವಿಲ್ಲ, ಕಾಲಿಗೆ ಚಪ್ಪಲಿ ಹಾಕಿಕೊಂಡು ಮುಟ್ಟಿ ಎಂದು ಹೇಳಿ ಹೋದ. ಕಲ್ಯಾಣಪ್ಪನವರ ತಲೆಯಲ್ಲಿ ಫ್ರಿಜ್ಜಿಗೆ ಹಸಿರು ಚೀಟಿ ಬಿತ್ತು. ಬಲ್ಬು ಕೆಟ್ಟ ಮಾಲು, ಫ್ರಿಜ್ಜು ಒಳ್ಳೆಯ ಮಾಲು. ಎರಡರ ನಡುವೆ ಗೋಡೆಯೊಳಗೆ ಒಂದು ತಂತಿ ಓಡುತ್ತದೆ ಎಂಬುದು ಯಾವ ಚೀಟಿಯಲ್ಲೂ ಇರಲಿಲ್ಲ.

ಚಪ್ಪಲಿಯ ಮಾತು ಮಾತ್ರ ನಡೆಯಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ದೇವರ ಜಗಲಿ ಇರುವುದು ಅಡಿಗೆಮನೆಯಲ್ಲೇ. ಉಮಾಬಾಯಿ ಬೆಳಿಗ್ಗೆ ಎದ್ದು, ಮಿಂದು, ಅಡಿಗೆಮನೆಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಜಗಲಿಗೆ ವಿಭೂತಿ ಹೂವು ಏರಿಸಿದ ಮೇಲೆಯೇ ಒಲೆ ಹಚ್ಚುವವಳು. ಅಂಥವಳು ಅಲ್ಲಿ ರಬ್ಬರು ಚಪ್ಪಲಿ ಮೆಟ್ಟುತ್ತಾಳೆಯೇ. ಮಹೇಶ ರಬ್ಬರಿನ ಚಾಪೆ ತಂದು ಹಾಸಿದ, ಒದ್ದೆ ನೆಲದ ಮೇಲೆ ಅದು ಜಾರಿತು, ಅವಳು ಸುತ್ತಿ ಹೊರಗಿಟ್ಟಳು. ಕೊನೆಗೆ ಉಪಾಯ ಕಂಡುಹಿಡಿದವರು ಕಲ್ಯಾಣಪ್ಪನವರೇ. ಅಟ್ಟದ ಮೇಲೆ ಅವಳ ಮದುವೆಯ ಮಣೆ ಇತ್ತು. ಸಾಗವಾನಿ ಕಟ್ಟಿಗೆಯದು, ನಾಲ್ಕೂ ಮೂಲೆಗೆ ಹಿತ್ತಾಳೆಯ ಹೂವು. ಅದನ್ನಿಳಿಸಿ ಫ್ರಿಜ್ಜಿನ ಮುಂದೆ ಇಟ್ಟರು. ಕಟ್ಟಿಗೆಯಲ್ಲಿ ಕರೆಂಟು ಹರಿಯುವುದಿಲ್ಲ, ಮಣೆ ಮಡಿಗೂ ನಡೆಯುತ್ತದೆ. ಉಮಾಬಾಯಿ ಮಣೆ ಹತ್ತಿ ಫ್ರಿಜ್ಜು ತೆರೆದಳು, ಜುಮ್ಮೆನ್ನಲಿಲ್ಲ. ಅಂದು ಸಂಜೆ ನಮ್ಮ ಮನೆಗೆ ಬಂದು, ಮದುವೆಯ ದಿನ ಹತ್ತಿದ ಮಣೆಯನ್ನು ಈಗ ಹಾಲು ತೆಗೆಯಲು ಹತ್ತುತ್ತಿದ್ದೇನೆ ಎಂದು ನಕ್ಕಳು.

ಸುಮಾರು ಎರಡು ವರ್ಷ ಆ ಮಣೆ ಅವಳನ್ನು ಕಾಯಿತು. ಈ ಮಧ್ಯೆ ಮಹೇಶನ ಮದುವೆಯಾಗಿ ಸಪ್ನಾ ಸೊಸೆಯಾಗಿ ಬಂದಳು. ಬೀದರಿನ ಹುಡುಗಿ, ಅಮೀರ್‌ಪೇಟೆಯ ಒಂದು ಕೋಚಿಂಗ್ ಸಂಸ್ಥೆಯ ಕಚೇರಿಯಲ್ಲಿ ಕೆಲಸ. ಅತ್ತೆ ಹೇಳಿದ ಮೇಲೆ ಅವಳೂ ಮಣೆ ಹತ್ತಿಯೇ ಫ್ರಿಜ್ಜು ಮುಟ್ಟುವುದನ್ನು ಕಲಿತಳು. ಮನುಷ್ಯರು ಯಾವುದಕ್ಕೂ ಒಗ್ಗಿಕೊಳ್ಳುತ್ತಾರೆ, ಇದೇ ನಮ್ಮ ಕೆಟ್ಟ ಗುಣ. ಮೊದಲ ದಿನ ಹೆದರಿಸಿದ್ದು ತಿಂಗಳೊಪ್ಪತ್ತಿನಲ್ಲಿ ಮನೆಯ ರೂಢಿಯಾಗುತ್ತದೆ. ಬಲ್ಬುಗಳು ಹೋಗುತ್ತಲೇ ಇದ್ದವು, ಕಲ್ಯಾಣಪ್ಪನವರು ಟ್ರೇನು ಹತ್ತುತ್ತಲೇ ಇದ್ದರು.

ಸಪ್ನಾ ಬಸುರಿಯಾದಳು. ಐದನೆಯ ತಿಂಗಳಲ್ಲಿ ಕುಬಸ, ಎಂದರೆ ಸೀಮಂತ, ಮಾಡುವುದೆಂದಾಯಿತು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಲು ಐದು ಬಗೆಯ ಹಣ್ಣು. ಕುಬಸಕ್ಕೆ ಮುಂಚೆ ಕಲ್ಯಾಣಪ್ಪನವರು ಸಿಕಂದರಾಬಾದಿಗೆ ಹೋಗಿ ಮನೆಗೆಲ್ಲ ಹೊಸ ಬಲ್ಬು ತಂದರು, ಅಡಿಗೆಮನೆಗೂ ಒಂದು. ಆ ಕೂಸು ಹುಟ್ಟಿ ಬೆಳೆದು ದೊಡ್ಡ ಶಾಲೆಗೆ ಹೋಗುವ ತನಕ ಇವು ಉರಿಯುತ್ತವೆ ಎಂದು ಹಳೆಯ ಲೆಕ್ಕವನ್ನೇ ಮತ್ತೆ ಹೇಳಿದರು.

ಕುಬಸದ ಬೆಳಿಗ್ಗೆ ನಾನು ಹೋದಾಗ ಉಮಾಬಾಯಿ ಹುಣಸೆಹಣ್ಣು ಹಚ್ಚಿ ಮಣೆಯ ಹಿತ್ತಾಳೆ ಹೂಗಳನ್ನು ತಿಕ್ಕುತ್ತಿದ್ದಳು. ತಾನು ಕುಬಸಕ್ಕೆ ಕೂತದ್ದು ಈ ಮಣೆಯ ಮೇಲೆ, ಸೊಸೆಯೂ ಇದರ ಮೇಲೆಯೇ ಕೂರಬೇಕು ಎಂಬುದು ಅವಳ ಆಸೆ. ಕಲ್ಯಾಣಪ್ಪನವರು ಬಂದು ಮಣೆ ನೋಡಿದರು, ಫ್ರಿಜ್ಜಿನ ಕಡೆ ನೋಡಿದರು.

"ಮಣಿ ತಗದೀ ಅಂದ್ರ ಇವತ್ತೊಂದಿನ ಚಪ್ಪಲಿ ಹಾಕ್ಕೋ," ಎಂದರು.

"ಮನಿ ತುಂಬ ಮುತ್ತೈದೇರು ಬಂದಾರ, ಜಗಲಿ ಮುಂದ ಚಪ್ಪಲಿ ಮೆಟ್ಟಿ ಓಡಾಡ್ಲ್ಯಾ? ಒಂದಿನಕ್ಕ ಏನಾಗ್ತೈತ್ರಿ, ಹೋಗ್ರಿ," ಎಂದಳು.

ಅವರು ಹೋದರು. ಎಲ್ಲರ ಮನೆಯಲ್ಲೂ ದಿನಕ್ಕೆ ಹತ್ತು ಸಲ ಆಡುವ ಮಾತು. ಅದು ಗಂಡ ಹೆಂಡತಿಯ ಕೊನೆಯ ಮಾತಾಗುತ್ತದೆ ಎಂದು ಯಾರು ಕಂಡಿದ್ದರು.

ಪಡಸಾಲೆಯಲ್ಲಿ ಸಪ್ನಾಳನ್ನು ಮಣೆಯ ಮೇಲೆ ಕೂರಿಸಿದೆವು. ಸೆಖೆಗೆ ಎರಡೂ ಕೋಣೆಯ ಎಸಿ ಹಾಕಿದ್ದರು. ವಿಡಿಯೊದವನು ತನ್ನ ದೊಡ್ಡ ದೀಪ ಹಚ್ಚಿದ್ದ. ಉಡಿ ತುಂಬಿ ಆಯಿತು, ಇನ್ನು ಮುಡಿಗೆ ದಂಡೆ ಕಟ್ಟಬೇಕು. ಮಲ್ಲಿಗೆಯ ದಂಡೆ ಬಾಡಬಾರದೆಂದು ಹಿಂದಿನ ದಿನವೇ ತಂದು ಫ್ರಿಜ್ಜಿನಲ್ಲಿಟ್ಟಿದ್ದರು. ತರುತ್ತೇನೆ ಎಂದು ಉಮಾಬಾಯಿ ಒಳಗೆ ಹೋದಳು. ಬರಿಗಾಲು, ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡಿದ್ದಳು. ಅಡಿಗೆಮನೆಯ ನೆಲವನ್ನು ಅವಳೇ ಆಗಷ್ಟೇ ಒರೆಸಿದ್ದಳು.

ಆಗ ಪಡಸಾಲೆಯ ಬಲ್ಬುಗಳೆಲ್ಲ ಒಮ್ಮೆಲೇ ಬೆಳಗಿದವು. ಹಾಗೆ ಬೆಳಗಿದ್ದನ್ನು ನಾನು ಆ ಮನೆಯಲ್ಲಿ ಎಂದೂ ನೋಡಿರಲಿಲ್ಲ, ಸಪ್ನಾಳ ಹಸಿರು ಬಳೆಗಳು ಕಣ್ಣು ಕುಕ್ಕಿದವು. ಫೋಟೊ ಚೆನ್ನಾಗಿ ಬರುತ್ತದೆ ಎಂದು ಯಾರೋ ಹೇಳಿದರು. ಕಲ್ಯಾಣಪ್ಪನವರು ಬಾಗಿಲ ಬಳಿ ನಿಂತು ಹೆಮ್ಮೆಯಿಂದ ಮೇಲೆ ನೋಡುತ್ತಿದ್ದರು. ಎರಡು ಬಲ್ಬು ಟಪ್ ಟಪ್ ಎಂದು ಒಡೆದು ಆರಿದವು. ಅದರ ಹಿಂದೆಯೇ ಒಳಗಿನಿಂದ ಪಾತ್ರೆ ಬಿದ್ದ ಸಪ್ಪಳ ಬಂತು.

ಮಹೇಶ ಓಡಿದ. ಯಾರೂ ಮುಟ್ಟಬೇಡಿ ಎಂದು ಕೂಗುತ್ತ ಕಲ್ಯಾಣಪ್ಪನವರು ಹೊರಗೆ ಓಡಿ ಮೇನ್ ಸ್ವಿಚ್ಚು ಇಳಿಸಿದರು. ಫ್ರಿಜ್ಜಿನ ಬಾಗಿಲ ಅಂಚು ಹಿಡಿದಿದ್ದ ಅವಳ ಕೈ ಆಗ ಬಿಟ್ಟಿತು. ಮಲ್ಲಿಗೆಯ ದಂಡೆ ಒದ್ದೆ ನೆಲದ ಮೇಲೆ ಬಿದ್ದಿತ್ತು. ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ಡಾಕ್ಟರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

ಮರುದಿನ ದೇಹ ಮನೆಗೆ ಬರುವ ಮುಂಚೆ ವಿದ್ಯುತ್ ಕಚೇರಿಯ ಲೈನ್‌ಮನ್ ಬಂದು ಮೀಟರಿನ ಪೆಟ್ಟಿಗೆ ತೆರೆದ. ಒಂದು ತಂತಿ, ನ್ಯೂಟ್ರಲ್ ಅನ್ನುತ್ತಾರೆ, ಅದರ ಸ್ಕ್ರೂ ಸಡಿಲಾಗಿ ಸುತ್ತಲೂ ಕರಕಲಾಗಿತ್ತು. ಕೊನೆಗೆ ತಂತಿ ಕಳಚಿಯೇ ಬಿಟ್ಟಿತ್ತು. ಇಂಥ ಮೂರು ಫೇಸಿನ ಮನೆಯಲ್ಲಿ ಆ ತಂತಿ ಅಲುಗಾಡಿದರೆ ಒಂದು ಕಡೆ ಕರೆಂಟು ಹೆಚ್ಚುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ ಎಂದು ಅವನು ತಿಳಿಸಿ ಹೇಳಿದ. ಇನ್ನೊಂದು ಸಂಗತಿಯೂ ಹೊರಬಿತ್ತು. ಮನೆ ಕಟ್ಟುವಾಗ ವೈರಿಂಗ್ ಮಾಡಿದವನು ಅರ್ಥಿಂಗಿಗೆ ಗುಂಡಿ ತೋಡಿ ತಂತಿ ಇಳಿಸುವ ಬದಲು, ಫ್ರಿಜ್ಜಿನ ಪ್ಲಗ್ ಪಾಯಿಂಟಿನೊಳಗೆ ಅದನ್ನು ಇದೇ ನ್ಯೂಟ್ರಲ್ ತಂತಿಗೆ ಗಂಟು ಹಾಕಿ ಕೆಲಸ ಮುಗಿಸಿದ್ದ. ಹಾಗಾಗಿ ಅದು ಕಳಚಿದ ಗಳಿಗೆಯಲ್ಲಿ ಕರೆಂಟು ನೆಟ್ಟಗೆ ಫ್ರಿಜ್ಜಿನ ಮೈಗೆ ಬಂತು. ಇಷ್ಟು ಹೇಳಿ ಲೈನ್‌ಮನ್ ಕಲ್ಯಾಣಪ್ಪನವರನ್ನು ತೆಲುಗಿನಲ್ಲಿ ಕೇಳಿದ, ನಿಮ್ಮ ಮನೆಯಲ್ಲಿ ಬಲ್ಬುಗಳು ಬೇಗ ಬೇಗ ಹೋಗುತ್ತಿದ್ದವೇನು ಎಂದು.

ಕಲ್ಯಾಣಪ್ಪನವರು ಬಗ್ಗಿ ಆ ಕರಕಲಾದ ಸ್ಕ್ರೂ ನೋಡಿದರು. ನಾನು ಹೌದು ಎಂದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ದೇಹ ಬಂದಾಗ ಕೂರಿಸಲು ಏನಾದರೂ ತನ್ನಿ ಎಂದು ಹಿರಿಯರು ಹೇಳಿದರು. ಗಲಾಟೆಯಲ್ಲಿ ಯಾರೋ ಪಡಸಾಲೆಯ ಮೂಲೆಯಲ್ಲಿದ್ದ ಮಣೆಯನ್ನೇ ತಂದು ಗೋಡೆಗೆ ಹಚ್ಚಿ ಇಟ್ಟರು. ಹಿಂದಿನ ದಿನದ ಅರಿಸಿನ ಕುಂಕುಮ ಅದರ ಮೇಲೆ ಹಾಗೆಯೇ ಇತ್ತು. ಕಲ್ಯಾಣಪ್ಪನವರು ಅದನ್ನು ನೋಡಿ, ನಿನ್ನೆ ಇದು ಅವಳ ಕಾಲ ಕೆಳಗೆ ಇರಬೇಕಿತ್ತು ಎಂದು ಒಂದೇ ಸಲ ಹೇಳಿ ಗೋಡೆ ಹಿಡಿದು ಕುಳಿತುಬಿಟ್ಟರು. ಬಂದವರಲ್ಲಿ ಕೆಲವರು ಮುತ್ತೈದೆ ಸಾವು, ಪುಣ್ಯವಂತೆ ಎಂದರು. ಹಣೆಬರಹ ಎಂದವರೂ ಇದ್ದರು. ನನಗೆ ಸಿಟ್ಟು ಬಂತು. ಈಗಲೂ ಇದೆ. ಹಣೆಬರಹವಲ್ಲ, ಒಂದು ಸ್ಕ್ರೂ. ಯಾರಾದರೂ ಒಬ್ಬರು ಪೆಟ್ಟಿಗೆ ತೆರೆದು ತಿರುಗಿಸಿದ್ದರೆ ಬಿಗಿಯಾಗುತ್ತಿತ್ತು.

ತಂತಿ ಸರಿಯಾಯಿತು, ಅರ್ಥಿಂಗಿಗೆ ಗುಂಡಿ ತೋಡಿಸಿದರು. ಸಪ್ನಾಗೆ ಹೆಣ್ಣು ಕೂಸು ಹುಟ್ಟಿತು, ಪೂರ್ವಿ ಎಂದು ಹೆಸರಿಟ್ಟರು. ಅದೀಗ ಮನೆಯೆಲ್ಲ ಓಡಾಡುತ್ತದೆ. ಮಣೆ ಮತ್ತೆ ಫ್ರಿಜ್ಜಿನ ಮುಂದೆಯೇ ಇದೆ. ಈಗ ಅದರ ಅಗತ್ಯವಿಲ್ಲ, ಆದರೂ ಕಲ್ಯಾಣಪ್ಪನವರು ತೆಗೆಯಲು ಬಿಡುವುದಿಲ್ಲ. ಸಪ್ನಾ ಅದನ್ನು ತುಳಿಯಲಾರದೆ ಪಕ್ಕದಿಂದ ಕೈ ಚಾಚಿ ಹಾಲು ತೆಗೆಯುತ್ತಾಳೆ. ಆ ಮನೆಯಲ್ಲಿ ಅಂದಿನಿಂದ ಒಂದು ಬಲ್ಬೂ ಹೋಗಿಲ್ಲ.

ಮೊನ್ನೆ ಸಂಜೆ ಹೋಗಿದ್ದೆ. ಸಪ್ನಾ ಚಹಾ ಮಾಡುತ್ತಿದ್ದಳು, ಕಲ್ಯಾಣಪ್ಪನವರು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೇಲೆ ನೋಡುತ್ತ ಕುಳಿತಿದ್ದರು. ಕುಬಸಕ್ಕೆಂದು ಹಾಕಿದ್ದರಲ್ಲ, ಅದೇ ಬಲ್ಬು. ಕತ್ತಿನ ಮೇಲಿನ ಮಾರ್ಕರ್ ತಾರೀಕು ಅಡಿಗೆಯ ಹೊಗೆಗೆ ಅರ್ಧ ಅಳಿಸಿತ್ತು. ದಿನಾ ದೀಪ ಹಚ್ಚಿದ ಮೇಲೆ ಹೀಗೆ ಕೂರುತ್ತಾರೆ, ಹೋಗುತ್ತದೇನೋ ಎಂದು ಕಾಯುತ್ತಾರೆ ಎಂದು ಸಪ್ನಾ ಮೆಲ್ಲಗೆ ಹೇಳಿದಳು. ನಾನು ಬಂದದ್ದನ್ನು ನೋಡಿ ಅವರು ಕಣ್ಣು ಕೆಳಗಿಳಿಸಿದರು.

"ಗ್ಯಾರಂಟಿ ಮುಗದು ಭಾಳ ದಿನ ಆತ್ರಿ, ಅಕ್ಕಾರ. ಇನ್ನೂ ಉರಿಯಾಕತ್ತೈತಿ," ಎಂದರು. ಮತ್ತೆ ಬಲ್ಬಿನ ಕಡೆ ನೋಡಿ ಹೇಳಿದರು, "ಮಾಲು ಚಲೋನ ಇತ್ರಿ."